‘ದ್ರು’ ಅಕ್ಷರದ ಹಿಂದಿನ ಎಣಿಕೆ

ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ‘ಸಲಗರ ಬುದ್ರುಕ’ ಹಳ್ಳಿಯ ಹೆಸರನ್ನು ಮೊಬೈಲಿನಲ್ಲಿ ಬರೆದರೆ ಕಣ್ಣಿಗೆ ಕಾಣುವುದು 7 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಅವು 11 ಸಂಕೇತ. ದಕಾರ, ಹಲಂತ, ರಕಾರ, ಉಕಾರ ಸೇರಿ ‘ದ್ರು’ ಆಗುವಂತೆ, ಒತ್ತು ತನ್ನ ಜಾಗಕ್ಕೆ ಇಳಿಯುವಂತೆ ನೋಡಿಕೊಳ್ಳುವುದು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳ ಒಳಗಿರುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಕನ್ನಡ, ಮರಾಠಿ ಎರಡೂ ಓಡಾಡುವ ಈ ಗಡಿಸೀಮೆಯಲ್ಲಿ ಒಂದೇ ಸಂದೇಶಕ್ಕೆ ಎರಡು ಲಿಪಿಯ ಫಾಂಟು ಬೇಕಾಗಬಹುದು. ಅವನ್ನು ಮೆಮೊರಿಯಿಂದ ಯಾವಾಗ ತೆಗೆಯಬೇಕು? ಅವಸರಪಟ್ಟರೆ ಆ್ಯಪ್ ಕುಸಿಯುತ್ತದೆ, ಮರೆತರೆ ಮೆಮೊರಿ ತುಂಬುತ್ತದೆ.

ಉಪಾಯ ಹಳೆಯದು. 1960ರಲ್ಲಿ ಜಾರ್ಜ್ ಕಾಲಿನ್ಸ್ ಸೂಚಿಸಿದಂತೆ ಮೆಮೊರಿಯಲ್ಲಿರುವ ಪ್ರತಿ ವಸ್ತುವಿಗೂ ಒಂದು ಎಣಿಕೆ ಅಂಟಿಸುವುದು. ಹಿಡಿದಾಗ ಒಂದು ಕೂಡಿ, ಬಿಟ್ಟಾಗ ಒಂದು ಕಳೆದು, ಸೊನ್ನೆಯಾದ ಕೂಡಲೇ ಜಾಗ ತೆರವು ಮಾಡುವುದು. ಮೈಕ್ರೋಸಾಫ್ಟಿನ ಕಾಮ್ ಇಂಟರ್‌ಫೇಸುಗಳೂ ಇದೇ ದಾರಿಯವು. ಆದರೆ ಇಂಥ ವಸ್ತುಗಳನ್ನಿಡಲು ನಮ್ಮದೇ ಪಟ್ಟಿ ಕಟ್ಟುವಾಗ ನಿಜವಾದ ಪರೀಕ್ಷೆ ಎದುರಾಗುತ್ತದೆ. ಪಟ್ಟಿ ಬೆಳೆದು ಬೇರೆ ಜಾಗಕ್ಕೆ ಹೋಯಿತೆನ್ನಿ. ಮನೆ ಬದಲಾಗಿದೆ, ಒಡೆತನ ಬದಲಾಗಿಲ್ಲ. ಹಳೆಯ ಜಾಗ ಖಾಲಿ ಮಾಡುವಾಗ ಒಂದನ್ನು ಕಳೆದುಬಿಟ್ಟರೆ ಇನ್ನೂ ಬಳಕೆಯಲ್ಲಿರುವ ಫಾಂಟೇ ಮಾಯವಾದೀತು. ಎಲ್ಲಿ ಎಣಿಸಬಾರದು ಎಂಬ ನಿರ್ಧಾರವೇ ಇಲ್ಲಿ ಮುಖ್ಯವೆಂಬುದು ನನ್ನ ವಾದ. ಹಾರ್ಫ್‌ಬಜ್ ಇದಕ್ಕೆ ಸಾಕ್ಷಿ. ಸಿ ಪ್ಲಸ್ ಪ್ಲಸ್ ಭಾಷೆಯ ಸಿದ್ಧ ಪಟ್ಟಿ, ಕೋಷ್ಟಕಗಳ ಬದಲು ತನ್ನವನ್ನೇ ಕಟ್ಟಿಕೊಂಡಿರುವ ಅದು ಫಾಂಟನ್ನು ಎಣಿಸುತ್ತದೆ, ಅಕ್ಷರರೂಪಗಳನ್ನು ತುಂಬುವ ಬಫರನ್ನೂ ಎಣಿಸುತ್ತದೆ. ಬಫರಿನೊಳಗಿನ ಒಂದೊಂದು ಅಕ್ಷರರೂಪವನ್ನು ಎಣಿಸುವುದಿಲ್ಲ. ಅವು ತಲಾ 20 ಬೈಟಿನ ದಾಖಲೆಗಳು, ಸಾಲಾಗಿ ಕೂತಿರುತ್ತವೆ, ಬಫರು ಹೋದಾಗ ಒಟ್ಟಿಗೇ ಹೋಗುತ್ತವೆ. ಎಣಿಕೆಯಿಂದ ವೇಗ ತಗ್ಗುತ್ತದೆ ಎನ್ನುವವರಿಗೆ ಈ ವಿನ್ಯಾಸವೇ ಉತ್ತರ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಎರಡು ವಸ್ತುಗಳು ಪರಸ್ಪರ ಕೈ ಹಿಡಿದರೆ ಎರಡರ ಎಣಿಕೆಯೂ ಸೊನ್ನೆಗಿಳಿಯದು. ಪೈಥಾನ್ ಇಂಥ ಗಂಟುಗಳನ್ನು ಹುಡುಕಲೆಂದೇ ಬೇರೆ ವ್ಯವಸ್ಥೆ ಇಟ್ಟುಕೊಂಡಿದೆ. ಹಾರ್ಫ್‌ಬಜ್ ಗಂಟು ಬೀಳದಂತೆಯೇ ಕಟ್ಟಿದೆ: ಅಳತೆ ನಿಗದಿಯಾದ ಫಾಂಟು ಅದರ ಮೂಲ ಮುಖವನ್ನು (ಫೇಸ್, ಅಂದರೆ ಅಳತೆ ನಿಗದಿಯಾಗದ ಅಕ್ಷರವಿನ್ಯಾಸವನ್ನು) ಹಿಡಿಯುತ್ತದೆ, ಮುಖವು ಕಡತದ ದತ್ತಾಂಶವನ್ನು ಹಿಡಿಯುತ್ತದೆ, ಕೆಳಗಿನದು ಮೇಲಿನದನ್ನು ಹಿಡಿಯುವುದಿಲ್ಲ. ಹಾಗಾದರೆ ಜಾವಾದಂತೆ ಆಗಾಗ ಕಸ ಗುಡಿಸಿದರೆ ಸಾಲದೇ? ಗುಡಿಸುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ, ಮೇಲಾಗಿ ಹಲವು ಭಾಷೆಗಳ ಪ್ರೋಗ್ರಾಮುಗಳು ಕರೆಯುವ ತಂತ್ರಾಂಶವಿದು. ಹಿಡಿ, ಬಿಡು ಎಂಬ ಎರಡೇ ಮಾತಿನ ಒಪ್ಪಂದವನ್ನು ಯಾವ ಭಾಷೆಯಾದರೂ ಪಾಲಿಸಬಲ್ಲದು. ಕೊನೆಯ ಕೈ ಬಿಟ್ಟ ಕ್ಷಣವೇ ಫಾಂಟಿನ ಜಾಗ ಮುಂದಿನ ಕೆಲಸಕ್ಕೆ ತೆರವಾಗುತ್ತದೆ.