ನಾಯಿಗೂ ಉಂಟು ಆಮ್ಲಪಿತ್ತ

ಬೆಳಗಿನ ಜಾವ ಅಂಗಳದ ಮೂಲೆಯಲ್ಲಿ ನಾಯಿ ಹಳದಿ ನೊರೆ ಕಾರಿಕೊಂಡದ್ದು ಕಂಡರೆ 'ಯಾರೋ ವಿಷ ಹಾಕಿದರು' ಎಂದು ಗಾಬರಿಯಾಗುವವರಿದ್ದಾರೆ. 'ನಾಯಿಗೆ ವಾಂತಿ ಹೊಸತೇ?' ಎಂದು ಸುಮ್ಮನಿರುವವರೂ ಇದ್ದಾರೆ. ಉಂಡು ತಿರುಗಾಡಿಕೊಂಡಿರುವ ನಾಯಿ ಬೆಳಗ್ಗೆ ಮಾತ್ರ ಹೀಗೆ ಕಾರುತ್ತಿದ್ದರೆ, ಕಾರಣ ಹೆಚ್ಚಾಗಿ ಬರಿಹೊಟ್ಟೆ. ಆ ಹಳದಿ, ಕರುಳಿನಿಂದ ಹಿಂದಕ್ಕೆ ಹರಿದು ಜಠರ ಸೇರಿದ ಪಿತ್ತರಸದ್ದು. ಅನ್ನವಿಲ್ಲದ ಜಠರದಲ್ಲಿ ಅದೂ ಆಮ್ಲವೂ ಕೂಡಿ ಒಳಪೊರೆಯನ್ನು ಕೆರಳಿಸುತ್ತವೆ.

ನಮ್ಮ ಮನೆಗಳಲ್ಲಿ ನಾಯಿಗೆ ಸಂಜೆ ಏಳಕ್ಕೆ ಅನ್ನ ಹಾಕಿದರೆ ಮತ್ತೆ ಸಿಗುವುದು ಮರುದಿನ ಎಲ್ಲರ ಊಟ ಮುಗಿದ ಮೇಲೆ. ದಿನದ ಅನ್ನವನ್ನು ಹೆಚ್ಚಿಸಬೇಕಾಗಿಲ್ಲ. ಮೂರು ಪಾಲು ಮಾಡಿ, ಒಂದು ಪಾಲನ್ನು ನಾವು ಮಲಗುವ ಮೊದಲು ಕೊಟ್ಟರಾಯಿತು. ಎಷ್ಟೋ ನಾಯಿಗಳಿಗೆ ಇದೇ ಮದ್ದು.

ಜಠರರಸದ ಬಗ್ಗೆ ಜಗತ್ತಿಗೆ ಎಷ್ಟೋ ಸಂಗತಿ ತಿಳಿದದ್ದು ನಾಯಿಯಿಂದಲೇ. ರಷ್ಯದ ಪಾವ್ಲೋವ್ 1904ರಲ್ಲಿ ನೊಬೆಲ್ ಬಹುಮಾನ ಪಡೆದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಗಳ ಹೊಟ್ಟೆಯಿಂದ ತೆಗೆದ ರಸವನ್ನು ಅವನ ಪ್ರಯೋಗಶಾಲೆ ಅಜೀರ್ಣದ ಔಷಧವಾಗಿ ಮಾರುತ್ತಿತ್ತು! ನಾಯಿಯ ಹುಳಿ ಮನುಷ್ಯನಿಗೆ ಮದ್ದಾಯಿತು. ನಮ್ಮ ಹುಳಿ, ಗಸಿಗಳು ಮಾತ್ರ ನಾಯಿಗೆ ಆಗಿಬರುವುದಿಲ್ಲ. ಬಂಗುಡೆಯ ಖಾರದ ಗಸಿ, ಕರಿದ ಎಣ್ಣೆಯ ಜಿಡ್ಡು, ಕೋಳಿಯ ಚರ್ಮ ಇವೆಲ್ಲ ಹೊಟ್ಟೆ ಕೆಡಿಸುತ್ತವೆ. ನೀರುಳ್ಳಿಯಂತೂ ರಕ್ತಕಣಗಳನ್ನೇ ನಾಶಮಾಡುತ್ತದೆ. ಹೊಟ್ಟೆ ಕೆಟ್ಟಾಗ ಮೆತ್ತಗೆ ಬೇಯಿಸಿದ ಅನ್ನಕ್ಕೆ ಉಪ್ಪು ಖಾರವಿಲ್ಲದೆ ಬೇಯಿಸಿದ, ಚರ್ಮ ಎಲುಬು ತೆಗೆದ ಕೋಳಿಮಾಂಸ ಸೇರಿಸಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಹಾಲು ಕುಡಿಸಿದರೆ ಹೊಟ್ಟೆ ತಂಪಾಗುತ್ತದೆಂಬ ನಂಬಿಕೆ ಬೇಡ. ಅನೇಕ ನಾಯಿಗಳಿಗೆ ಅದರಿಂದ ಭೇದಿಯಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಾಯಿ ಕುಂಟಿತೆಂದು ಮನೆಯಲ್ಲಿದ್ದ ನೋವಿನ ಗುಳಿಗೆಯನ್ನು ಅನ್ನದಲ್ಲಿ ಅಡಗಿಸಿ ತಿನ್ನಿಸುವವರು ಕಡಿಮೆಯಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ರಕ್ತ ಹರಿಸಬಲ್ಲವು, ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಮಲ ಡಾಮರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿದೆಯೆಂದೇ ಎಣಿಸಬೇಕು.

ಆಮ್ಲ ತಗ್ಗಿಸುವ ಒಮೆಪ್ರಜೋಲನ್ನು ಪಶುವೈದ್ಯರು ನಾಯಿಗೂ ಬರೆಯುತ್ತಾರೆ. ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ಸುಮಾರು 1 ಮಿಲಿಗ್ರಾಂ, ಅದೂ ಊಟಕ್ಕೆ ಮುಂಚೆ. ಹಾಗಾದರೆ ನಮ್ಮ 20 ಮಿಲಿಗ್ರಾಮಿನ ಕ್ಯಾಪ್ಸೂಲ್ 5 ಕಿಲೋದ ಮರಿಗೆ ನಾಲ್ಕು ಪಟ್ಟಾಯಿತು. ಅಲ್ಲದೆ ವಾಂತಿಗೆಲ್ಲ ಆಮ್ಲವೇ ಕಾರಣವಲ್ಲ. ಮೂತ್ರಪಿಂಡ, ಯಕೃತ್ತುಗಳ ರೋಗವೂ ಹೀಗೆಯೇ ತೋರಬಹುದು. ಲಸಿಕೆ ಹಾಕದ ಮರಿ ವಾಂತಿಯೊಂದಿಗೆ ರಕ್ತಭೇದಿ ಮಾಡಿದರೆ ಪಾರ್ವೊ ಎಂದು ಶಂಕಿಸಿ ಅಂದೇ ಮೃಗಾಸ್ಪತ್ರೆಗೆ ಒಯ್ಯಿರಿ. ಆಳವಾದ ಎದೆಯ ದೊಡ್ಡ ಜಾತಿಯ ನಾಯಿ ಹೊಟ್ಟೆ ಉಬ್ಬಿಸಿಕೊಂಡು, ಏನೂ ಹೊರಬಾರದೆ ಓಕರಿಸುತ್ತಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಜಠರವೇ ತಿರುಚಿಕೊಂಡಿರಬಹುದು, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ವೈದ್ಯರಲ್ಲಿಗೆ ಹೋಗುವಾಗ ವಾಂತಿಯ ಹೊತ್ತು, ಬಣ್ಣ, ತಿಂದದ್ದು, ನಾಯಿಯ ತೂಕ ಇಷ್ಟನ್ನು ಚೀಟಿಯಲ್ಲಿ ಬರೆದೊಯ್ದರೆ ಅವರಿಗೂ ಅನುಕೂಲ. ತೂಕ ತಿಳಿಯದಿದ್ದರೆ, ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಲೆಕ್ಕದಲ್ಲಿ ನಿಮ್ಮ ತೂಕ ಕಳೆಯಿರಿ.