ಪೊಲೀಸರು ಒಡೆದ ಮನೆ: ನಷ್ಟ ತುಂಬುವವರು ಯಾರು?

ಸಾರ್ವಜನಿಕ ಉದ್ದೇಶಕ್ಕೆ ಖಾಸಗಿ ಆಸ್ತಿ ತೆಗೆದುಕೊಂಡರೆ ಸರ್ಕಾರ ನ್ಯಾಯಯುತ ಪರಿಹಾರ ಕೊಡಬೇಕು. ಇದು ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿಯ ಮಾತು. ಆರೋಪಿಯನ್ನು ಹಿಡಿಯಲು ಹೋಗಿ ಪೊಲೀಸರು ನಿರಪರಾಧಿಗಳ ಮನೆ ಹಾಳುಗೆಡವಿದರೆ? ಈ ಪ್ರಶ್ನೆಗೆ ಅಲ್ಲಿನ ನ್ಯಾಯಾಲಯಗಳು ಒಂದೇ ಉತ್ತರ ಕೊಟ್ಟಿಲ್ಲ.

1986, ಮಿನಿಯಾಪೊಲಿಸ್. ಪೊಲೀಸರು ಬೆನ್ನಟ್ಟಿದ್ದ ಆರೋಪಿ ಕಾರು ಬಿಟ್ಟು ಓಡಿ, ಪರಿಚಯವೇ ಇಲ್ಲದವರ ಮನೆ ಹೊಕ್ಕ. ಅವನನ್ನು ಹೊರಗೆಳೆಯಲು ಹಾರಿಸಿದ ಅಶ್ರುವಾಯು ಶೆಲ್‌ಗಳಿಂದ ಮನೆಗೆ ಭಾರೀ ಹಾನಿಯಾಯಿತು. 1991ರಲ್ಲಿ ಮಿನ್ನೆಸೋಟದ ಸುಪ್ರೀಂ ಕೋರ್ಟ್ ಮಾಲೀಕರ ಪರ ತೀರ್ಪಿತ್ತಿತು. ಆಸ್ತಿ ನಾಶವಾದರೂ, ಹಾನಿಗೊಂಡರೂ ಪರಿಹಾರ ಕೊಡಬೇಕೆಂದು ಆ ರಾಜ್ಯದ ಸಂವಿಧಾನವೇ ಹೇಳುತ್ತದೆ.

2015, ಕೊಲರಾಡೊದ ಗ್ರೀನ್‌ವುಡ್ ವಿಲೇಜ್. ಅಂಗಡಿಯಲ್ಲಿ ಕದ್ದು ಓಡಿದವನೊಬ್ಬ ಬೇರೆಯವರ ಮನೆಯಲ್ಲಿ ಅಡಗಿದ. 19 ಗಂಟೆಗಳ ಕಾರ್ಯಾಚರಣೆ ಮುಗಿದಾಗ ಗೋಡೆಗಳಲ್ಲಿ ದೊಡ್ಡ ದೊಡ್ಡ ತೂತು. ಮನೆಯನ್ನೇ ಕೆಡವಿ ಕಟ್ಟಬೇಕಾಯಿತು. ನಗರಾಡಳಿತ ಕೊಡಲು ಮುಂದಾದದ್ದು 5,000 ಡಾಲರ್ ಮಾತ್ರ. ಇದು ಪೊಲೀಸ್ ಅಧಿಕಾರದ ಬಳಕೆ, ಆಸ್ತಿ ಸ್ವಾಧೀನವಲ್ಲ ಎಂದು 2019ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು.

2020ರಲ್ಲಿ ಟೆಕ್ಸಸ್‌ನ ಮೆಕಿನಿಯಲ್ಲೂ ಇಂಥದ್ದೇ ಪ್ರಕರಣ ನಡೆಯಿತು. 2024ರಲ್ಲಿ ಅದರ ವಿಚಾರಣೆಗೆ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಪ್ರಶ್ನೆ ಮಹತ್ವದ್ದು, ಇನ್ನೂ ಇತ್ಯರ್ಥವಾಗಿಲ್ಲ ಎಂದು ಇಬ್ಬರು ನ್ಯಾಯಮೂರ್ತಿಗಳು ಬರೆದರು.

ಸರ್ಕಾರದ ಕ್ರಮದಿಂದಾದ ಹಾನಿಯನ್ನು ಅನೇಕ ವಿಮಾ ಪಾಲಿಸಿಗಳು ಭರಿಸುವುದಿಲ್ಲ. ಇಡೀ ಸಮಾಜ ಹೊರಬೇಕಾದ ಹೊರೆಯನ್ನು ಕೆಲವರ ಮೇಲೆ ಹೇರಬಾರದು ಎಂಬ ತತ್ವವನ್ನು ಅದೇ ಸುಪ್ರೀಂ ಕೋರ್ಟ್ 1960ರಲ್ಲೇ ಸಾರಿದೆ. ಊರಿನ ಸುರಕ್ಷತೆಯ ಖರ್ಚನ್ನು ಊರೇ ಭರಿಸುವುದು ನ್ಯಾಯ.