ಬೀಡಿ ಕಟ್ಟಿ ಕಟ್ಟಿದ ಮನೆ

ಸೊಲ್ಲಾಪುರದ ಸ್ಟ್ಯಾಂಡಿನಿಂದ ಅಕ್ಕಲಕೋಟೆಗೆ ಹೊರಡುವ ಬೆಳಗಿನ ಎಸ್.ಟಿ. ಬಸ್ಸಿನಲ್ಲಿ ಮೂರು ಭಾಷೆಗಳು ಒತ್ತಿಕೊಂಡು ಕೂತಿರುತ್ತವೆ. ಸಂತ ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರದು ಮರಾಠಿ, ಹಿಂದಿನ ಸೀಟಿನಲ್ಲಿ ಮೊಮ್ಮಗನನ್ನು ಗದರುತ್ತಿರುವ ನೇಕಾರರ ಮನೆಯ ಅಜ್ಜಿಯದು ತೆಲುಗು, ತಲೆಯ ಮೇಲಿನ ಗಂಟನ್ನು ಇಳಿಸಿಕೊಳ್ಳುತ್ತ "ಯಕ್ಕಾ, ಸ್ವಲ್ಪ ಸರೀರಿ" ಎನ್ನುವವಳದು ಕನ್ನಡ. ಮಗ್ಗಗಳ ಸದ್ದು ರಸ್ತೆಯವರೆಗೂ ಕೇಳಿಸುವ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶ ದಾಟಿ, ಊರು ತೆಳ್ಳಗಾಗಿ, ಕರಿಮಣ್ಣಿನ ಬಯಲು ಎರಡೂ ಬದಿಗೆ ಬಿಚ್ಚಿಕೊಳ್ಳುತ್ತದೆ. ಬಿಳಿಜೋಳ ಕೊಯ್ದಾದ ಹೊಲದಲ್ಲಿ ಕೂಳೆ ನಿಂತಿದೆ, ಪಕ್ಕದ ಹೊಲದಲ್ಲಿ ಕಣಕಿ ಮೇಯುತ್ತಿರುವ ಎಮ್ಮೆಗಳಿವೆ, ಅದರಾಚೆಯ ಹೊಲದಲ್ಲಿ ಮಾತ್ರ ಬೆಳೆಯೂ ಇಲ್ಲ, ಎಮ್ಮೆಯೂ ಇಲ್ಲ. ಸುಣ್ಣ ಬಳಿದ ಮೊಣಕಾಲೆತ್ತರದ ಕಲ್ಲುಗಳು ಅಳತೆಯ ಪ್ರಕಾರ ಸಾಲಾಗಿ ನಿಂತಿವೆ, ಮೂಲೆಗೊಂದು ಬಣ್ಣದ ಬಾವುಟ, ಬಿಸಿಲಿಗೆ ಮಾಸಿದ ಫ್ಲೆಕ್ಸ್. ಅವು ಪ್ಲಾಟುಗಳು. ಅವನ್ನು ಆಮೇಲೆ ನೋಡೋಣ, ಈಗ ಕುಂಭಾರಿ ಬಂತು, ಇಳಿಯಿರಿ.

ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಈ ಊರಿಗೆ ಹೊರಗಿನವರು ಬರುವುದು ಹೆಚ್ಚಾಗಿ ಅಶ್ವಿನಿ ಗ್ರಾಮೀಣ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಟಿಫಿನ್ ಡಬ್ಬಿ, ಎಕ್ಸ್‌ರೇ ಲಕೋಟೆ ಹಿಡಿದವರು ಅತ್ತ ತಿರುಗುತ್ತಾರೆ. ನಾವು ಅವರನ್ನು ಬಿಟ್ಟು ಬೀಡಿ ಕಟ್ಟುವ ಹೆಂಗಸರ ಕಾಲೊನಿಯ ದಾರಿ ಹಿಡಿಯೋಣ. ನಾಲ್ಕು ಹೆಜ್ಜೆ ಒಳಗೆ ಹೋಗುತ್ತಿದ್ದಂತೆ ಮೂಗಿಗೆ ಮೊದಲು ತಾಕುವುದು ನೆನೆದ ಎಲೆಯ ವಾಸನೆ. ಅದರ ಬೆನ್ನಿಗೇ ಒಣ ತಂಬಾಕಿನ ಘಾಟು. ಪ್ರತಿ ಮನೆಯ ಮುಂದೆ ಒಂದು ಕಟ್ಟೆ, ಕಟ್ಟೆಯ ಮೇಲೆ ಒಬ್ಬ ಹೆಂಗಸು, ತೊಡೆಯ ಮೇಲೆ ಒಂದು ಮೊರ. ಮಾತು ನಡೆದೇ ಇರುತ್ತದೆ, ಬೆರಳೂ ನಡೆದೇ ಇರುತ್ತವೆ.

ಹತ್ತಿರ ಕೂತು ನೋಡಿ. ರಾತ್ರಿ ನೆನೆಸಿ, ತೊಯ್ದ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಬೀಡಿ ಎಲೆಯನ್ನು ಅವಳು ಒಂದೊಂದಾಗಿ ಬಿಡಿಸುತ್ತಾಳೆ. ತಗಡಿನ ಅಚ್ಚನ್ನು ಎಲೆಯ ಮೇಲಿಟ್ಟು, ದಪ್ಪ ನರ ತಪ್ಪಿಸಿ, ಕತ್ತರಿಯಿಂದ ಸುತ್ತ ಕತ್ತರಿಸುತ್ತಾಳೆ. ಚೂರುಗಳು ಮಡಿಲಿಂದ ಜಾರಿ ನೆಲಕ್ಕೆ ಬೀಳುತ್ತವೆ. ಕತ್ತರಿಸಿದ ಎಲೆಯನ್ನು ಎಡಗೈ ಬೆರಳ ಮೇಲೆ ದೋಣಿಯಂತೆ ಬಾಗಿಸಿ, ಬಲಗೈಯಲ್ಲಿ ಚಿಟಿಕೆ ತಂಬಾಕು ಉದ್ದಕ್ಕೆ ಹರಡಿ, ಹೆಬ್ಬೆರಳಿನಿಂದ ಒತ್ತಿ ಒಮ್ಮೆ ಉರುಳಿಸಿದರೆ ಕೊಳವೆ ಸಿದ್ಧ. ಅಗಲ ಬಾಯಿಯನ್ನು ಉಗುರಿನಿಂದ ಮಡಚಿ, ಇನ್ನೊಂದು ತುದಿಗೆ ದಾರ ಎರಡು ಸುತ್ತು ಸುತ್ತಿ ಎಳೆದಾಗ ಆಗುವ ಸಣ್ಣ 'ಟಕ್' ಸದ್ದಿಗೆ ಒಂದು ಬೀಡಿ ಮುಗಿಯಿತು. ಅಷ್ಟರಲ್ಲಿ ಎದುರು ಮನೆಯವಳ ಮಗಳಿಗೆ ಬಂದ ಗಂಡಿನ ಊರು, ಮನೆತನ, ಹೊಲ ಎಷ್ಟು ಎಂಬ ವಿಚಾರಣೆಯೂ ಒಂದು ಹಂತಕ್ಕೆ ಬಂದಿರುತ್ತದೆ. 25ರ ಕಟ್ಟು 40 ಆದರೆ ಸಾವಿರ. ದಿನದ ಲೆಕ್ಕವೆಂದರೆ ಸಾವಿರ. ಅದಕ್ಕೆ ಎಂಟು ತಾಸು ಸಾಲದು, ಹತ್ತಾಗುತ್ತದೆ, ಮಗು ಅತ್ತರೆ, ನೀರು ಬಂದರೆ ಹನ್ನೆರಡೂ ಆಗುತ್ತದೆ. ಸಂಜೆ ಬೀಡಿ ಕೊಡಲು ಹೋದಾಗ ತಪಾಸಣೆಯವನು ಕಟ್ಟು ಬಿಚ್ಚಿ, ಸಡಿಲಾದದ್ದನ್ನು, ತೂತು ಎಲೆಯದನ್ನು ಬೇರೆ ಮಾಡಿ ಛಾಟ್ ಎಂದು ಪಕ್ಕಕ್ಕೆ ಎಸೆಯುತ್ತಾನೆ. ಎಸೆದದ್ದಕ್ಕೆ ಕೂಲಿಯಿಲ್ಲ. ಕಂಪನಿಯವರು ಕೊಟ್ಟ ಎಲೆ ಕಡಿಮೆ ಬಿದ್ದರೆ ಅವಳೇ ಸಂತೆಯಲ್ಲಿ ಕೊಂಡು ಸಾವಿರ ತುಂಬಿಸಬೇಕು.

ಇಂಥ ಕೂಲಿಯಿಂದ ಒಂದು ಮನೆಯ ಒಡತಿಯಾಗುವುದು ಹೇಗೆ? ಕುಂಭಾರಿಯ ಕಥೆ ನನಗೆ ಮುಖ್ಯವಾಗುವುದು ಈ ಪ್ರಶ್ನೆಗೇ. ಸೊಲ್ಲಾಪುರ ಗಿರಣಿಗಳ ಊರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಎದ್ದ ಹತ್ತಿಗಿರಣಿಗಳು ತೆಲಂಗಾಣದ ಪದ್ಮಶಾಲಿಗಳನ್ನೂ, ಕನ್ನಡ ಸೀಮೆಯವರನ್ನೂ, ಮರಾಠವಾಡದವರನ್ನೂ ಒಂದೇ ಭೋಂಗಾಕ್ಕೆ, ಗಿರಣಿಯ ಸೈರನ್ನಿಗೆ, ಎಬ್ಬಿಸಿದವು. ಹಳೆಯ ಗಿರಣಿ 1960ರ ದಶಕದಲ್ಲಿ ಮುಚ್ಚಿತು, ಉಳಿದವೂ ಒಂದೊಂದಾಗಿ ಬಾಗಿಲೆಳೆದುಕೊಂಡವು. ಗಂಡಸರು ವಿದ್ಯುತ್ ಮಗ್ಗಕ್ಕೆ ಹೋದರು, ಚಾದರ, ಟವೆಲ್ ನೇಯ್ದರು. ಹೆಂಗಸರ ಕೈಗೆ ಬೀಡಿ ಬಂತು. ವಾಸ ಮಾತ್ರ ಒಂದೇ ಖೋಲಿಯಲ್ಲಿ. ಅಡುಗೆ, ಮಲಗುವುದು, ಬೀಡಿ, ಬಾಣಂತನ, ಎಲ್ಲವೂ ಅಲ್ಲೇ, ಬಾಡಿಗೆಯೂ ತಪ್ಪದೆ.

ಆ ಖೋಲಿಗಳಿಂದ ಹೊರಗೆ ಬರುವ ದಾರಿ ಹೋರಾಟದಿಂದ ಸಿಕ್ಕಿತು. ಸೊಲ್ಲಾಪುರದವರು ಆಡಮ್ ಮಾಸ್ತರ್ ಎನ್ನುವ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದಿಂದ ಶಾಸಕರಾಗಿದ್ದ ನರಸಯ್ಯ ಆಡಮ್ ಅವರ ಮುಂದಾಳತ್ವದಲ್ಲಿ ಬೀಡಿ ಕಟ್ಟುವ ಹೆಂಗಸರು ಗೃಹನಿರ್ಮಾಣ ಸಂಘ ಮಾಡಿಕೊಂಡರು. ವಾರ್ಲಿ ಆದಿವಾಸಿಗಳನ್ನು 1945ರಲ್ಲಿ ಜೀತದ ವಿರುದ್ಧ ಎಬ್ಬಿಸಿ ನಿಲ್ಲಿಸಿದ ಗೋದೂತಾಯಿ ಪರುಳೇಕರ್ ಅವರ ಹೆಸರನ್ನು ಸಂಘಕ್ಕಿಟ್ಟರು. ಊರ ಹೊರಗೆ, ಕುಂಭಾರಿಯ ಬಯಲಿನಲ್ಲಿ, ಜಮೀನು ಅಗ್ಗವಿದ್ದಲ್ಲಿ ಜಾಗ ಹಿಡಿದರು. ಖರ್ಚಿನಲ್ಲಿ ಒಂದು ಪಾಲು ಕೇಂದ್ರದ್ದು, ಒಂದು ಪಾಲು ರಾಜ್ಯದ್ದು, ಉಳಿದದ್ದು ಕೆಲಸಗಾರ್ತಿಯದು. 2006ರ ಸೆಪ್ಟೆಂಬರಿನಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಬಂದು ಬೀಗದ ಕೈ ಕೊಟ್ಟರು. ಮನೆಗಳು 10,000. ಈ ಅಂಕಿಯನ್ನು ಕಾಗದದ ಮೇಲೆ ಓದುವುದು ಬೇರೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡುವುದು ಬೇರೆ. ಕಾಲು ನೋಯುತ್ತದೆ, ಮನೆಗಳ ಸಾಲು ಮುಗಿಯುವುದಿಲ್ಲ.

ಒಂದೇ ಅಚ್ಚಿನಲ್ಲಿ ಎದ್ದ ಮನೆಗಳು ಈಗ ಒಂದರಂತೆ ಇನ್ನೊಂದಿಲ್ಲ. ಒಬ್ಬಳು ಮುಂದಕ್ಕೆ ತಗಡಿನ ಮಾಡು ಇಳಿಸಿದ್ದಾಳೆ, ಅದರಡಿ ಮಗನ ಕಿರಾಣಿ ಅಂಗಡಿ. ಶಾಂಪೂ ಪುಡಿಕೆಗಳು ತೋರಣದಂತೆ ತೂಗುತ್ತವೆ. ಇನ್ನೊಂದು ಮನೆಯ ಮುಂಗೋಣೆಯಲ್ಲಿ ಹಿಟ್ಟಿನ ಗಿರಣಿಯ ಪಟ್ಟಾ ತಿರುಗುತ್ತಿದೆ, ಜೋಳದ ಹಿಟ್ಟಿನ ಬಿಸಿ ವಾಸನೆ ಬೀಡಿಯ ಘಾಟನ್ನು ನಾಲ್ಕು ಮನೆಯಾಚೆಗೆ ತಳ್ಳಿದೆ. ಅದರ ಪಕ್ಕದವಳು ನಸುಕಿಗೇ ಎದ್ದು ರೊಟ್ಟಿ ಬಡಿಯುತ್ತಾಳೆ. ಪರಾತದ ಅಂಚಿನಿಂದ ಅಂಚಿಗೆ ಅವಳ ಅಂಗೈ ತಿರುಗುವ ತಾಳಕ್ಕೆ ರೊಟ್ಟಿ ಕಾಗದದಷ್ಟು ತೆಳ್ಳಗಾಗುತ್ತದೆ; ಹಂಚಿನಿಂದ ತೆಗೆದು ಒಣಗಿಸಿ, ಕಡಕ್ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಹತ್ತತ್ತು ಕಟ್ಟಿದರೆ ಪುಣೆಯ ಬಸ್ಸು ಹತ್ತುವವರ ಕೈಗೆ ಹೋಗುತ್ತದೆ. ಜೊತೆಗೆ ಒರಳಲ್ಲಿ ಎಣ್ಣೆ ಬಿಡುವವರೆಗೂ ಕುಟ್ಟಿದ ಶೇಂಗಾ ಚಟ್ನಿ. ರೊಟ್ಟಿ ಮುಗಿದ ಮೇಲೆ ಅದೇ ಕೈ ಬೀಡಿಯ ಮೊರ ಎಳೆದುಕೊಳ್ಳುತ್ತದೆ.

"ಬೀಡಿ ರೊಕ್ಕಾ ಹೊಟ್ಟಿಗೆ, ರೊಟ್ಟಿ ರೊಕ್ಕಾ ಮನಿಗೆ," ಎಂದಳು ಅವಳು, ಬೇರೆ ಬೇರೆ ಡಬ್ಬಿ ತೋರಿಸುತ್ತ. ಡಬ್ಬಿಯ ದುಡ್ಡು ಭಿಶಿಗೆ ಹೋಗುತ್ತದೆ, ಓಣಿಯ ಹೆಂಗಸರು ತಿಂಗಳಿಗಿಷ್ಟೆಂದು ಕೂಡಿಸಿ ಸರದಿಯ ಪ್ರಕಾರ ಎತ್ತಿಕೊಳ್ಳುವ ಚೀಟಿಗೆ. ಬಚತ್ ಗಟದ, ಅಂದರೆ ಸ್ವಸಹಾಯ ಗುಂಪಿನ, ಸಾಲವೂ ಉಂಟು. ಭಿಶಿ ಎತ್ತಿದವಳ ಮನೆಯ ಮುಂದೆ ಮರುದಿನವೇ ಉಸುಕು, ಇಟ್ಟಿಗೆ ಬಂದು ಬೀಳುತ್ತದೆ. ಹಾಗೆ ಎದ್ದ ಹಿಂದಿನ ಖೋಲಿಯನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿಯರಿಗೋ, ಹೊಸದಾಗಿ ಮದುವೆಯಾದ ಮಗ್ಗದ ಕೆಲಸಗಾರನಿಗೋ ಬಾಡಿಗೆಗೆ ಕೊಡುತ್ತಾಳೆ. ಬಾಡಿಗೆ ಕಟ್ಟಿಯೇ ಅರ್ಧ ಆಯುಷ್ಯ ಕಳೆದವಳು ಬಾಡಿಗೆ ಎಣಿಸಿಕೊಳ್ಳುವ ದಿನ ಬಂದಿದೆ. ಅವಳನ್ನು ಯಾರೂ ಹೂಡಿಕೆದಾರಳು ಎಂದು ಕರೆಯುವುದಿಲ್ಲ. ಆದರೆ ಜಾಗದಲ್ಲಿ ದುಡ್ಡು ಹಾಕಿ, ಆ ಜಾಗದಿಂದಲೇ ದುಡ್ಡು ಎತ್ತಿ, ಮತ್ತೆ ಅದರಲ್ಲೇ ಹಾಕುವ ಲೆಕ್ಕ ಅವಳಿಗೆ ಪೇಟೆಯ ಯಾವ ಸಾಹುಕಾರನಿಗಿಂತಲೂ ಚೆನ್ನಾಗಿ ಗೊತ್ತು. ಇದನ್ನು ನಾನು ಗೌರವದಿಂದಲೇ ಹೇಳುತ್ತೇನೆ.

ಕಾಲೊನಿಯಿಂದ ಮುಂದೆ ರೇನಗರ. ಕಣ್ಣು ಹಾಯಿಸಿದಷ್ಟು ದೂರ ಒಂದೇ ಎತ್ತರದ, ಒಂದೇ ಬಣ್ಣದ ಕಟ್ಟಡಗಳು. ಬಾಲ್ಕನಿಗಳಲ್ಲಿ ಒಣಗಲು ಹಾಕಿದ ಸೀರೆಗಳಿಂದ ಯಾವ ಮನೆಗೆ ಜನ ಬಂದಿದ್ದಾರೆ, ಯಾವುದಕ್ಕೆ ಇನ್ನೂ ಇಲ್ಲ ಎಂಬುದು ಗೊತ್ತಾಗುತ್ತದೆ. ಇದು ಬೀಡಿಯವರಿಗಷ್ಟೇ ಅಲ್ಲ, ಮಗ್ಗದವರು, ಗಾರೆ ಕೆಲಸದವರು, ಚಿಂದಿ ಆಯುವವರು, ಕೈಗಾಡಿಯ ವ್ಯಾಪಾರಿಗಳು, ಆಟೋ ಓಡಿಸುವವರು, ಹೀಗೆ ಪಗಾರದ ಚೀಟಿ ಇಲ್ಲದವರೆಲ್ಲರಿಗೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಒಟ್ಟು 30,000 ಮನೆಗಳ ಯೋಜನೆ. 2019ರ ಜನವರಿ 9ರಂದು ಅಡಿಗಲ್ಲು, 2024ರ ಜನವರಿ 19ರಂದು ಮೊದಲ 15,000 ಮನೆಗಳ ಹಸ್ತಾಂತರ. ಎರಡೂ ಸಲ ಪ್ರಧಾನಿ ನರೇಂದ್ರ ಮೋದಿ ಬಂದಿದ್ದರು. ಚಿಕ್ಕಂದಿನಲ್ಲಿ ಇಂಥದೊಂದು ಮನೆ ತಮಗೂ ಸಿಕ್ಕಿದ್ದರೆ ಎನ್ನುವಾಗ ಎರಡನೆಯ ಸಲ ಅವರ ಗಂಟಲು ಕಟ್ಟಿತ್ತು. ಕೆಂಪು ಬಾವುಟದ ಸಂಘ ಕಟ್ಟಿಸಿದ ಮನೆಗೆ ಬೇರೆ ಬೇರೆ ಪಕ್ಷದ ಇಬ್ಬರು ಪ್ರಧಾನಿಗಳು ಬೀಗದ ಕೈ ಕೊಟ್ಟದ್ದು ಕುಂಭಾರಿಯಲ್ಲಿ. ಮನೆ ಬೇಕೆಂದು ಬೀದಿಗಿಳಿದವರ ಹಟ ಅಷ್ಟು ಗಟ್ಟಿ ಇತ್ತು.

ಆದರೆ ರೇನಗರದ ಮೆಟ್ಟಿಲು ಹತ್ತಿದಾಗ ಕೇಳಿಸುವ ಮಾತು ಬೇರೆ. ಈ ಯೋಜನೆಯಲ್ಲಿ ಬಡವರ ಮನೆಯ ಒಳ ಅಳತೆಗೆ ಸಾಮಾನ್ಯವಾಗಿ 30 ಚದರ ಮೀಟರಿನ ಮಿತಿಯಿತ್ತು. ಎರಡನೆಯ ಅಂತಸ್ತಿನಲ್ಲಿ ಕಟ್ಟೆಯಿಲ್ಲ, ಮುಂದಕ್ಕೆ ತಗಡು ಇಳಿಸುವ ಹಾಗಿಲ್ಲ, ಹಿಂದೆ ಖೋಲಿ ಎಬ್ಬಿಸಲು ನೆಲವಿಲ್ಲ. ಕೈಗಾಡಿ ಎಲ್ಲಿ ನಿಲ್ಲಿಸುವುದು? ಚಿಂದಿಯ ಚೀಲ ಎಲ್ಲಿ ಇಳಿಸುವುದು? ಕೆಲಸ ಸೊಲ್ಲಾಪುರದಲ್ಲಿ, ಮನೆ ಇಲ್ಲಿ. ಷೇರ್ ಆಟೋದ ದುಡ್ಡು ದಿನಗೂಲಿಯಲ್ಲಿ ಮೊದಲ ಪಾಲು ಕೇಳುತ್ತದೆ. ದುಡಿಯುವವರಿಗೆ ಮನೆ ಕಟ್ಟುವವರು ಮನೆಯೊಳಗೇ ನಡೆಯುವ ದುಡಿಮೆಗೂ ಅಳತೆ ಹಿಡಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಜನ ಕಾಯುತ್ತ ಕೂತಿಲ್ಲ. ಕೆಳ ಅಂತಸ್ತಿನ ಮನೆಯ ಕಿಟಕಿಯೇ ಅಂಗಡಿಯಾಗಿದೆ, ಜಾಳಿಗೆಯ ಹಿಂದಿನಿಂದ ಬಿಸ್ಕೀಟು, ಮೊಟ್ಟೆ, ಮೊಬೈಲ್ ರಿಚಾರ್ಜ್. ಮೆಟ್ಟಿಲ ತಿರುವಿನಲ್ಲಿ ಹೊಲಿಗೆಯಂತ್ರ. ಹಗಲು ಆಟೋ ಓಡಿಸುವವನು ಸಂಜೆ ಗ್ಯಾಸ್ ಸಿಲಿಂಡರ್ ಮೇಲೆ ಹೊರುತ್ತಾನೆ, ಅಂತಸ್ತಿಗಿಷ್ಟು ಎಂದು.

ಅದೇ ಆಟೋದವನು ರವಿವಾರ ಇನ್ನೊಂದು ಕೆಲಸದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ನಾವು ಬಸ್ಸಿನಿಂದ ನೋಡಿದ ಕಲ್ಲಿನ ಸಾಲುಗಳ ಹತ್ತಿರ ಗಿರಾಕಿಗಳನ್ನು ಇಳಿಸುತ್ತಾನೆ. ಬಂದವರನ್ನು ನೋಡಿ: ಸಾಲಿ ಮಾಸ್ತರರು, ಎಸ್.ಟಿ. ಕಂಡಕ್ಟರು, ಕಾರ್ಖಾನೆಯ ಜಾಬರು, ಸೀರೆ ಅಂಗಡಿಯ ಗುಮಾಸ್ತ, ಹೆಂಡತಿಯ ಜೊತೆ ಬಂದ ಪೊಲೀಸು. ಯಾರೂ ಭೂಮಿಯ ವ್ಯಾಪಾರಿಗಳಲ್ಲ. ನೌಕರಿಯಿಂದ ಊಟ, ಟ್ಯೂಷನ್ನಿಂದಲೋ ಎಮ್ಮೆಯ ಹಾಲಿನಿಂದಲೋ ಎಲ್‌ಐಸಿ ಏಜೆನ್ಸಿಯಿಂದಲೋ ಉಳಿದದ್ದರಲ್ಲಿ ಮಗಳ ಮದುವೆಗೆಂದು ಒಂದು ಗುಂಟೆ. "ಹೈವೇ ಇಲ್ಲೇ ಅದ ನೋಡ್ರಿ ಸರ್, ಆಸ್ಪತ್ರಿ ಅಲ್ಲೇ ಕಾಣ್ತದ," ಎಂದು ಆಟೋದವನು ಕೈಚಾಚುತ್ತಾನೆ. ವ್ಯವಹಾರ ಕುದುರಿದರೆ ನೂರಕ್ಕೆ ಒಂದೋ ಎರಡೋ ದಲಾಲಿ, ಅದೂ ಮೇಲಿನವನು ತನ್ನ ಪಾಲು ಹಿಡಿದ ಮೇಲೆ.

ಗುಂಟೆಯೆಂದರೆ 1,089 ಚದರ ಅಡಿ, 40 ಗುಂಟೆಗೆ ಎಕರೆ. ಕಲ್ಲು ನೆಟ್ಟಾಕ್ಷಣ ಹೊಲ ಪ್ಲಾಟಾಗುವುದಿಲ್ಲ. ಮಹಾರಾಷ್ಟ್ರದಲ್ಲಿ ಹೊಲ ಚೂರಾಗುವುದನ್ನು ತಡೆಯುವ ತುಕಡೇಬಂದಿ ಕಾಯ್ದೆ 1947ರಿಂದ ಇದೆ. 2023ರಲ್ಲಿ ಗೊತ್ತು ಮಾಡಿದ ಮಿತಿಯಂತೆ ಮಳೆಯಾಶ್ರಿತ ಜಿರಾಯತಿ ಹೊಲವನ್ನು 20 ಗುಂಟೆಗಿಂತ, ನೀರಾವರಿಯ ಬಾಗಾಯತಿಯನ್ನು 10 ಗುಂಟೆಗಿಂತ ಸಣ್ಣದಾಗಿ ಒಡೆದು ಮಾರುವಂತಿಲ್ಲ. ಊರಂಚಿನ ವಸತಿ ಪ್ರದೇಶಗಳಿಗೆ ಇದನ್ನು ಸಡಿಲಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿತು. ಎನ್‌ಎ, ಅಂದರೆ ಕೃಷಿಯೇತರ, ಆಗದ ಹೊಲದಲ್ಲಿ ಬರೀ ಬಾಂಡ್ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಗುಂಟೆ ಕೊಂಡವರ ಹೆಸರು ಸಾತ್‌ಬಾರಾ ಉತಾರಕ್ಕೆ, ಅಂದರೆ ಪಹಣಿಗೆ, ಏರುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. 500 ಚದರ ಮೀಟರ್ ಮೀರಿದ ಲೇಔಟಾದರೆ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆಯಡಿ ರೇರಾ ನೋಂದಣಿ ಬೇಕು. ಗುಮಾಸ್ತನ ಹೆಂಡತಿ ಇದನ್ನೆಲ್ಲ ಕೇಳಿಕೊಂಡೇ ಬಂದಿದ್ದಳು. ಫ್ಲೆಕ್ಸಿನ ಬಣ್ಣಕ್ಕೆ ಮರುಳಾಗದೆ, "ಮೊದ್ಲ ಉತಾರಾ ತೋರಸ್ರಿ ಅಣ್ಣಾರ, ಜಾಗಾ ಆಮ್ಯಾಲ ನೋಡೂಣು" ಎಂದಳು. ಆಟೋದವನು ಫೋನು ಹಿಡಿದು ಬದಿಗೆ ಸರಿದ. ಹತ್ತು ವರ್ಷದ ಉಳಿತಾಯ ಹೋಗುವುದೂ ಉಳಿಯುವುದೂ ಈ ಒಂದು ಮಾತಿನ ಮೇಲೆಯೇ ನಿಂತಿರುತ್ತದೆ.

ಮಧ್ಯಾಹ್ನ ಕಾಲೊನಿಗೆ ಮರಳಿದಾಗ ರೊಟ್ಟಿಯವಳ ಮನೆಯಲ್ಲಿ ಗೌಂಡಿ ಬಂದು ಕೂತಿದ್ದ. ಮುಂದಿನ ಭಿಶಿ ಇವಳದೇ ಸರದಿ. ಮಾಳಿಗೆಯ ಮೇಲೆ ಸ್ಲ್ಯಾಬ್ ಹಾಕಿದರೆ ಸಿಮೆಂಟು ಎಷ್ಟು ಚೀಲ, ಕಬ್ಬಿಣ ಎಷ್ಟು ಕಿಲೋ, ಮೆಟ್ಟಿಲು ಒಳಗೋ ಹೊರಗೋ ಎಂಬ ಮಾತು. ಹೊರಗೆ ಬೇಕು ಎಂದಳು ಅವಳು, ಬಾಡಿಗೆಯವರು ತಮ್ಮಷ್ಟಕ್ಕೆ ಹತ್ತಿ ಇಳಿಯಲಿ. ಗಂಡ ಇಡೀ ಮಾಳಿಗೆಯನ್ನು ಬಾಡಿಗೆಗೆ ಬಿಡೋಣ ಎಂದ. ಬ್ಯಾಡ, ಅರ್ಧ ಬಾಡಿಗಿಗೆ, ಅರ್ಧ ಸೊಸಿ ಹೊಲಿಗಿ ಮಷೀನಿಗೆ ಎಂದು ಅವಳು ಪಟ್ಟು ಹಿಡಿದಳು. ಮನೆ ಅವಳ ಹೆಸರಿನಲ್ಲಿದೆ, ಗೌಂಡಿಯೂ ಅವಳತ್ತಲೇ ನೋಡಿ ಚೀಟಿಯ ಮೇಲೆ ಅರ್ಧಕ್ಕೆ ಗೆರೆ ಎಳೆದ.